ತಂಗಡಿ ಹೂವಿಗೆ ಬರುವ ದುಂಬಿ

ಮಂಡ್ಯದ ನಾಲೆ ಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಹಸಿರು. ಒಂದು ಕಡೆ ಭತ್ತ, ಇನ್ನೊಂದು ಕಡೆ ಕಬ್ಬು. ಇಷ್ಟು ಹಸಿರಿನ ನಡುವೆಯೂ ಜೇನಿಗೆ ಹೊಟ್ಟೆ ತುಂಬುವುದಿಲ್ಲ. ಭತ್ತ, ಕಬ್ಬು ಎರಡೂ ಹುಲ್ಲಿನ ಕುಲದವು. ಅವುಗಳ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಸಾಗಿಸಲು ಕೀಟ ಬೇಕಿಲ್ಲ. ಕಬ್ಬನ್ನಂತೂ ತುಂಡು ನೆಟ್ಟೇ ಬೆಳೆಸುತ್ತೇವೆ. ಈ ಬಯಲಿನ ಜೇನು, ದುಂಬಿ, ಚಿಟ್ಟೆಗಳು ಬದುಕಿರುವುದು ಬದು, ಬೇಲಿ, ಕೆರೆ ಏರಿ ಮತ್ತು ಮನೆ ಹಿತ್ತಲುಗಳನ್ನು ನಂಬಿಕೊಂಡು. ಬದು ವರ್ಷ ವರ್ಷಕ್ಕೂ ಸಣ್ಣದಾಗುತ್ತಿದೆ, ಗಿಡದ ಬೇಲಿ ಇದ್ದ ಕಡೆ ತಂತಿ ಬಂದಿದೆ. ಹಿತ್ತಲಿನಲ್ಲಿ ಏನು ನೆಡುತ್ತೇವೆ ಅನ್ನುವುದು ಅದಕ್ಕೇ ಈಗ ಮುಖ್ಯ.

ಮೈಸೂರಿನ ಬಡಾವಣೆಗಳಲ್ಲಿ ಹೂವಿಗೆ ಬರ ಇಲ್ಲ, ನಿಜ. ಆದರೆ ಗೇಟಿನ ಮೇಲಿನ ಕಾಗದದ ಹೂ ದಕ್ಷಿಣ ಅಮೆರಿಕದ್ದು, ರಸ್ತೆ ಬದಿಯ ಗುಲ್‌ಮೊಹರ್ ಮಡಗಾಸ್ಕರ್‌ನದ್ದು, ಚೆಂಡು ಹೂವು ಮೆಕ್ಸಿಕೋ ಕಡೆಯದ್ದು. ಹೊರಗಿನವು ಅಂದ ಮಾತ್ರಕ್ಕೆ ಅವನ್ನು ಕಿತ್ತು ಎಸೆಯಬೇಕಿಲ್ಲ. ಲಂಟಾನ ಮಾತ್ರ ಬೇಡವೇ ಬೇಡ. ಚಿಟ್ಟೆಗಳು ಅದರ ಮೇಲೆ ಕೂರುತ್ತವೆ, ಸರಿ. ಆದರೆ ಹಕ್ಕಿ ಅದರ ಹಣ್ಣು ತಿಂದು ಬೀಜವನ್ನು ಎಲ್ಲೆಂದರಲ್ಲಿ ಬೀಳಿಸುತ್ತದೆ. ಬಂಡೀಪುರ, ನಾಗರಹೊಳೆಯ ಕಾಡಿನೊಳಗೆ ಲಂಟಾನ ಹೇಗೆ ಹಬ್ಬಿದೆ ಅಂತ ನೋಡಿದವರಿಗೆ ಗೊತ್ತು. ಇನ್ನು ಎಸಳು ಜಾಸ್ತಿ ಇರುವ ಸುತ್ತು ದಾಸವಾಳದಂಥ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ನೋಡಲು ಚೆಂದ, ಪರಾಗ ಮಾತ್ರ ಕಡಿಮೆ.

ನಮ್ಮ ಕಡೆ ಒಂದೇ ಒಂದು ಗಿಡ ನೆಡಿ ಅಂದರೆ ನಾನು ತಂಗಡಿ ಅನ್ನುತ್ತೇನೆ. ಆವರಿಕೆ ಅಂತಲೂ ಕರೆಯುತ್ತಾರೆ. ಚಾಮುಂಡಿ ಬೆಟ್ಟದ ತಪ್ಪಲಿನಂಥ ಒಣ ಕೆಂಪು ನೆಲದಲ್ಲಿ ಯಾರೂ ನೀರು ಹಾಕದೆ ಹಳದಿ ಹೂ ಬಿಟ್ಟು ನಿಲ್ಲುವ ಗಿಡ ಇದು. ಹಿಂದೆ ಚರ್ಮ ಹದ ಮಾಡಲು ಇದರ ತೊಗಟೆಯನ್ನು ಬಳಸುತ್ತಿದ್ದರು. ದನಗಳು ಇದನ್ನು ಅಷ್ಟಾಗಿ ಮೇಯುವುದಿಲ್ಲ, ಬೇಲಿಗೂ ಆಗುತ್ತದೆ.

ತಂಗಡಿ ಹೂವನ್ನು ಹತ್ತಿರದಿಂದ ನೋಡಿ. ಅದರಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ. ಅದೂ ಸುಲಭಕ್ಕೆ ಸಿಗುವುದಿಲ್ಲ. ಹೆಚ್ಚಿನ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಬಿರಿದು ಪುಡಿ ಹೊರಗೆ ಬರುತ್ತದೆ. ತಂಗಡಿಯಲ್ಲಿ ಪರಾಗಕೋಶದ ತುದಿಯಲ್ಲಿ ಸಣ್ಣ ತೂತು, ಅಷ್ಟೇ. ಒಣ ಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಗೆ ಅದನ್ನು ಬಿಡಿಸುವ ವಿದ್ಯೆ ಗೊತ್ತು. ಬಂದು ಕೇಸರಗಳನ್ನು ಕಾಲಿನಲ್ಲಿ ತಬ್ಬಿ ಹಿಡಿಯುತ್ತದೆ. ರೆಕ್ಕೆ ಬಡಿಯದೆ, ಹಾರಲು ಬಳಸುವ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಹಾರುವಾಗಿನ ಗುಂಯ್‌ ಸದ್ದು ನಿಂತು, ಬಿಟ್ಟು ಬಿಟ್ಟು ಝೀಂ ಅನ್ನುವ ಕೀರಲು ಸದ್ದು ಕೇಳುತ್ತದೆ. ಆ ಅದುರಿಗೆ ಪರಾಗ ತೂತಿನಿಂದ ಚಿಮ್ಮಿ ಅದರ ಮೈಮೇಲೆ ಬೀಳುತ್ತದೆ. ಹೆಜ್ಜೇನಿಗೂ ತುಡುವೆ ಜೇನಿಗೂ ಈ ವಿದ್ಯೆ ಬರುವುದಿಲ್ಲ.

ಗಿಡವೂ ತನ್ನ ಲೆಕ್ಕ ಇಟ್ಟುಕೊಂಡಿದೆ. ನಡುವಿನ ಗಿಡ್ಡ ಕೇಸರಗಳ ಪರಾಗ ದುಂಬಿಯ ಊಟಕ್ಕೆ. ಕೆಳಗಿನ ಉದ್ದ ಕೇಸರಗಳ ಪರಾಗ ದುಂಬಿಯ ಮೈಗೆ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ಒಂದೇ ಹೂವಿನಲ್ಲಿ ಕೇಸರಗಳು ಹೀಗೆ ಕೆಲಸ ಹಂಚಿಕೊಳ್ಳುತ್ತವೆ ಅನ್ನುವ ವಿಚಾರವನ್ನು 1880ರ ದಶಕದಲ್ಲೇ ಜರ್ಮನಿಯ ಹರ್ಮನ್ ಮುಲ್ಲರ್ ಮುಂದಿಟ್ಟಿದ್ದರು.

ಇದರಿಂದ ನಮಗೇನು ಅಂತ ಕೇಳಬಹುದು. ಬದನೆ, ಟೊಮ್ಯಾಟೊ ಹೂಗಳನ್ನು ನೋಡಿ. ಅವೂ ಅದುರಿಸಿದರೇ ಪರಾಗ ಬಿಡುವ ಜಾತಿ. ಗಾಳಿ ಅಲುಗಾಡಿಸಿದರೂ ಸ್ವಲ್ಪ ಕಾಯಿ ಕಚ್ಚುತ್ತದೆ. ಆದರೆ ದುಂಬಿ ಬಂದು ಝೀಂ ಅನಿಸಿದರೆ ಫಸಲೇ ಬೇರೆ. ಹಿತ್ತಲಿನಲ್ಲಿ ಈರನಗೆರೆ ಬದನೆ ಹಾಕಿದವರು ಪಕ್ಕದಲ್ಲಿ ಒಂದು ತಂಗಡಿ ಬೆಳೆಸಿದರೆ ದುಂಬಿಗೂ ಅತ್ತ ಬರಲು ದಾರಿ ಆಗುತ್ತದೆ.

ನೀಲಿ ಪಟ್ಟಿಯ ಒಂಟಿ ಜೇನಿಗೂ ಈ ವಿದ್ಯೆ ಗೊತ್ತು. ಗಾತ್ರ ಹೆಚ್ಚು ಕಡಿಮೆ ತುಡುವೆ ಜೇನಿನಷ್ಟೇ. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಗೆರೆಗಳಿರುತ್ತವೆ. ಇದು ಗುಂಪು ಕಟ್ಟುವುದಿಲ್ಲ, ತುಪ್ಪ ಕೂಡಿಡುವುದಿಲ್ಲ. ಮಣ್ಣಿನ ದಿಬ್ಬ ಅಥವಾ ಹಳೇ ಮಣ್ಣಿನ ಗೋಡೆಯಲ್ಲಿ ತೂತು ಮಾಡಿ ಮೊಟ್ಟೆ ಇಡುತ್ತದೆ. ಜಗತ್ತಿನಲ್ಲಿ ಸುಮಾರು 20,000 ಬಗೆಯ ಜೇನುಗಳಿವೆ. ಅವುಗಳಲ್ಲಿ ಹೆಚ್ಚಿನವು ಹೀಗೇ ಒಂಟಿಯಾಗಿ, ನೆಲದಲ್ಲಿ ಗೂಡು ಮಾಡುವಂಥವು. ನಾವು ಅಂಗಳಕ್ಕೆಲ್ಲ ಟೈಲ್ಸ್ ಹಾಕಿ, ಕಾಂಪೌಂಡ್ ಪಕ್ಕದವರೆಗೂ ಸಿಮೆಂಟ್ ಬಳಿದರೆ ಅವು ಎಲ್ಲಿಗೆ ಹೋಗಬೇಕು ಹೇಳಿ. ಬಿಸಿಲು ಬೀಳುವ ಕಡೆ ಸ್ವಲ್ಪ ಬರಿ ನೆಲ ಬಿಡಿ. ಮೂಲೆಯಲ್ಲಿ ಒಣ ಬಿದಿರು, ಒಂದು ಒಣಗಿದ ಕೊಂಬೆ ಇರಲಿ. ಇಲ್ಲದಿದ್ದರೆ ಹೂವಿದ್ದೂ ಮನೆಯಿಲ್ಲ ಅನ್ನುವ ಹಾಗಾಗುತ್ತದೆ.

ಗಿಡ ಆರಿಸುವಾಗ ತಿಂಗಳ ಲೆಕ್ಕವೂ ಮುಖ್ಯ. ಬೇಸಿಗೆಯಲ್ಲಿ ನಮ್ಮ ಮರಗಳೇ ಜೇನನ್ನು ಸಾಕುತ್ತವೆ. ಮಾರ್ಚ್‌ನಿಂದ ಮೇ ವರೆಗೆ ಹೊಂಗೆ ಮರದ ಕೆಳಗೆ ಅರಳು ಚೆಲ್ಲಿದ ಹಾಗೆ ಹೂ ಉದುರಿರುತ್ತದೆ, ಮೇಲೆ ಜೇನಿನ ಸದ್ದೋ ಸದ್ದು. ನೇರಳೆ, ಬೇವು ಕೂಡ ಆ ಹೊತ್ತಿನವೇ. ಕಷ್ಟ ಬರುವುದು ಮುಂಗಾರಿನಲ್ಲಿ. ಮರದ ಹೂವೆಲ್ಲ ಮುಗಿದಿರುತ್ತದೆ, ಗಾಳಿ ಮಳೆಗೆ ಹಾರಾಟವೂ ಕಡಿಮೆ. ಆಗ ಆಸರೆ ಆಗುವುದು ತಂಗಡಿ, ಎಕ್ಕ, ಲಕ್ಕಿ. ಲಕ್ಕಿ ಗಿಡವನ್ನು ಒಂದು ಕಡ್ಡಿ ಚುಚ್ಚಿದರೂ ಬರುತ್ತದೆ, ನೀಲಿ ಹೂವಿನ ಗೊಂಚಲಿಗೆ ಜೇನು ಮುತ್ತುತ್ತವೆ. ಮಳೆ ನಿಲ್ಲುವ ಹೊತ್ತಿಗೆ ತುಂಬೆ. ಅದನ್ನು ನೆಡಬೇಕಾದ್ದೇ ಇಲ್ಲ, ಕಳೆ ಅಂತ ಕೀಳದಿದ್ದರೆ ಸಾಕು. ಬೆರಳ ತುದಿಯಷ್ಟಿರುವ ಆ ಬಿಳಿ ಹೂವಿಗೆ ಪುಟ್ಟ ನೀಲಿ ಚಿಟ್ಟೆಗಳೂ ಬರುತ್ತವೆ.

ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೂ ಇದೇ ಲೆಕ್ಕ ಇತ್ತು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಹುಚ್ಚೆಳ್ಳು ಮೂಲದಲ್ಲಿ ಇಥಿಯೋಪಿಯಾ ಕಡೆಯದು. ಆದರೂ ಬಹಳ ಕಾಲದಿಂದ ನಮ್ಮ ಹೊಲದಲ್ಲೇ ಇದೆ. ಅದು ತನ್ನ ಪರಾಗದಿಂದ ತಾನೇ ಕಾಳು ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕೇ ಬೇಕು. ಅದನ್ನು ತರುವುದು ಜೇನು. ಸೈಟಿನ ಖಾಲಿ ಜಾಗದಲ್ಲಿ ಒಂದು ಹಿಡಿ ಹುಚ್ಚೆಳ್ಳು ಚೆಲ್ಲಿ ನೋಡಿ.

ಚಿಟ್ಟೆ ಬೇಕು ಅನ್ನುವವರು ಹುಳುವನ್ನೂ ಸಹಿಸಬೇಕು. ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಹೀರಬಹುದು, ಆದರೆ ಮೊಟ್ಟೆ ಇಡುವುದು ತನ್ನ ಮರಿ ತಿನ್ನುವ ಗಿಡದ ಮೇಲೆ ಮಾತ್ರ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಂದು ಬಿಳಿ ಬಣ್ಣದ ಹುಳು ಕಂಡಿದ್ದೀರಾ? ಅದು ಕಾಮನ್ ಮಾರ್ಮನ್ ಅಥವಾ ನಿಂಬೆ ಚಿಟ್ಟೆಯ ಮರಿ ಇರಬಹುದು. ಹಕ್ಕಿ ಮೋಸ ಹೋಗಲಿ ಅಂತಲೇ ಆ ವೇಷ. ದೊಡ್ಡದಾದ ಮೇಲೆ ಎಲೆ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಬಂದು ವಾಸನೆ ಬಿಡುತ್ತದೆ. ಒಗ್ಗರಣೆಗೆ ಎಲೆ ಸ್ವಲ್ಪ ಕಮ್ಮಿ ಆದೀತು, ಗಿಡ ಮತ್ತೆ ಚಿಗುರುತ್ತದೆ. ಎಕ್ಕದ ಎಲೆ ಪ್ಲೇನ್ ಟೈಗರ್ ಚಿಟ್ಟೆಯ ಮರಿಗೆ, ಈಶ್ವರಬಳ್ಳಿ ಕ್ರಿಮ್ಸನ್ ರೋಸ್ ಮರಿಗೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳಿರುವ ಮನೆಯಲ್ಲಿ ಬೇಲಿ ಆಚೆ ಇರಲಿ.

ಇಂಥ ತೋಟಕ್ಕೆ ಔಷಧಿ ಹೊಡೆಯಬೇಡಿ. ಇಮಿಡಾಕ್ಲೋಪ್ರಿಡ್‌ನಂಥ ವಿಷ ಎಲೆ ಮೇಲೆ ಮಾತ್ರ ನಿಲ್ಲುವುದಿಲ್ಲ, ಗಿಡದೊಳಗೆ ಹರಿದು ಪರಾಗ, ಮಕರಂದಕ್ಕೂ ಸೇರುತ್ತದೆ. ಜೇನಿಗೆ ಆಗುವ ಕೇಡು ನೋಡಿಯೇ ಯುರೋಪಿನ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳಿಗೆ ಅದನ್ನು ನಿಷೇಧಿಸಿತು.

ತಂಗಡಿ ಸಸಿ ನರ್ಸರಿಗಳಲ್ಲಿ ಕೇಳಿದ ಕೂಡಲೇ ಸಿಗುವುದು ಕಷ್ಟ. ಒಣಗಿದ ಕಾಯಿಂದ ಬೀಜ ತೆಗೆದುಕೊಳ್ಳಿ. ಸಿಪ್ಪೆ ಗಟ್ಟಿ, ಅದಕ್ಕೇ ಬಿಸಿ ನೀರಿಗೆ ಹಾಕಿ ರಾತ್ರಿ ಪೂರ್ತಿ ನೆನೆಸಿ ಬಿತ್ತಿ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಬಿತ್ತಿದರೆ ನೀರಿನ ಚಿಂತೆ ಇಲ್ಲ. ಬಾಲ್ಕನಿ ಮಾತ್ರ ಇರುವವರಿಗೆ ಕುಂಡದ ತುಳಸಿಯೇ ಸಾಕು. ಗಿಡ ಪೊದೆಯಾಗಲಿ ಅಂತ ಅದರ ತೆನೆಯನ್ನು ಚಿವುಟುತ್ತೇವೆ ಅಲ್ವಾ? ಅರ್ಧ ಚಿವುಟಿ, ಅರ್ಧ ಹೂ ಬಿಡಲಿ. ನೀಲಿ ಪಟ್ಟಿಯ ಜೇನಿಗೆ ತುಳಸಿ ಹೂ ಅಂದರೆ ಬಹಳ ಇಷ್ಟ.