ನ್ಯಾಕ್ ಗ್ರೇಡ್ ಕಾಲೇಜಿನದು, ಎನ್‌ಬಿಎ ಕೋರ್ಸಿನದು

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಬಿಬಿಎ, ಎಂಬಿಎ ಸೇರುವವರ ಎದುರು ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ: ಇಲ್ಲೇ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು, ಇಲ್ಲವೇ ರೈಲು ಹತ್ತಿ ಮಂಗಳೂರು. ಯಾವ ಕಡೆಯ ಕಾಲೇಜಿನ ಪುಸ್ತಿಕೆ ತೆರೆದರೂ 'ಮಾನ್ಯತೆ ಪಡೆದ ಸಂಸ್ಥೆ' ಎಂಬ ಮಾತು ಸಿಗುತ್ತದೆ. ಯಾರು ಕೊಟ್ಟದ್ದು, ಯಾವುದಕ್ಕೆ ಕೊಟ್ಟದ್ದು ಎಂದು ಬಿಡಿಸಿ ನೋಡದಿದ್ದರೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಕೊಡುವುದು ಅನುಮೋದನೆ, ಅಂದರೆ ಕೋರ್ಸ್ ನಡೆಸಲು ಅನುಮತಿ. 2024-25ರಿಂದ ಬಿಬಿಎ ಕೂಡ ಅದರ ವ್ಯಾಪ್ತಿಗೆ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಮಾನ್ಯತಾ ಪರಿಷತ್ತಾದ ನ್ಯಾಕ್, ಇಡೀ ಕಾಲೇಜನ್ನು ಅಳೆಯುತ್ತದೆ. ಗ್ರಂಥಾಲಯ, ಆಡಳಿತ, ಎಲ್ಲ ವಿಭಾಗಗಳು ಒಂದೇ ಗ್ರೇಡಿನೊಳಗೆ ಬರುತ್ತವೆ. ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ ಹುಟ್ಟಿದ್ದೂ 1994ರಲ್ಲೇ, 2010ರಿಂದ ಸ್ವಾಯತ್ತ. ಅದು ನೋಡುವುದು ಒಂದೊಂದು ಕೋರ್ಸನ್ನು. ಆದ್ದರಿಂದ 'ನಮ್ಮ ಕಾಲೇಜಿಗೆ ಎನ್‌ಬಿಎ ಇದೆ' ಎಂದರೆ ಅದು ಮೆಕ್ಯಾನಿಕಲ್ ವಿಭಾಗಕ್ಕೆ ಮಾತ್ರ ಇದ್ದು, ಎಂಬಿಎಗೆ ಇಲ್ಲದಿರಬಹುದು.

ಇಂಥ ಮಾನ್ಯತೆಯ ನಿಜವಾದ ಬೆಲೆ ಇರುವುದು ಫಲಕದಲ್ಲಲ್ಲ. 'ವಿದ್ಯಾರ್ಥಿ ಕಲಿತನೇ?' ಎಂಬ ಪ್ರಶ್ನೆಗೆ ವಿಭಾಗ ಲೆಕ್ಕ ಹಾಕಿ ಉತ್ತರಿಸಲೇಬೇಕಾಗುತ್ತದೆ, ಬೆಲೆ ಅಲ್ಲಿದೆ. ಪ್ರತಿ ವಿಷಯಕ್ಕೂ ಕಲಿಕಾ ಫಲಗಳನ್ನು (ಸಿಒ) ಬರೆದು, ಅವನ್ನು ಇಡೀ ಕೋರ್ಸಿನ ಫಲಗಳಿಗೆ (ಪಿಒ) 1 (ಕಡಿಮೆ), 2 (ಮಧ್ಯಮ), 3 (ಹೆಚ್ಚು) ಎಂಬ ಬಲದಲ್ಲಿ ಜೋಡಿಸುತ್ತಾರೆ.

ಒಂದು ಉದಾಹರಣೆ ಮಾಡಿ ನೋಡೋಣ. ಫಲ: ಬ್ರೇಕ್ ಈವನ್ ಲೆಕ್ಕ ಹಾಕಿ ನಿರ್ಧಾರ ತೆಗೆದುಕೊಳ್ಳುವುದು. ಪ್ರಶ್ನೆ: ಅಡಿಕೆ ಹಾಳೆ ತಟ್ಟೆಯ ಘಟಕಕ್ಕೆ ತಿಂಗಳ ಸ್ಥಿರ ವೆಚ್ಚ ರೂ. 42,000, ತಟ್ಟೆಯೊಂದರ ಮಾರಾಟ ಬೆಲೆ ರೂ. 4, ಬದಲಾಗುವ ವೆಚ್ಚ ರೂ. 2.60. ತಟ್ಟೆಗೆ ಉಳಿಯುವುದು ರೂ. 1.40, ಆದ್ದರಿಂದ 30,000 ತಟ್ಟೆ ಮಾರಿದರೆ ಹಾಕಿದ್ದು ಹುಟ್ಟುತ್ತದೆ. ಕನಿಷ್ಠ ಶೇ. 60ರಷ್ಟು ಅಂಕ ಪಡೆದವರು ತರಗತಿಯ ಶೇ. 60 ಇದ್ದರೆ ಮಟ್ಟ 1, ಶೇ. 70 ಇದ್ದರೆ 2, ಶೇ. 80 ಇದ್ದರೆ 3 ಎಂದು ವಿಭಾಗ ಮೊದಲೇ ನಿಗದಿ ಮಾಡಿಕೊಂಡಿದೆ ಎನ್ನಿ. 60 ಮಂದಿಯಲ್ಲಿ 44 ಮಂದಿ ಇಂಟರ್ನಲ್‌ನಲ್ಲಿ ದಾಟಿದರು: ಶೇ. 73, ಮಟ್ಟ 2. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ದಾಟಿದವರು 33: ಶೇ. 55, ಮಟ್ಟ 0. ಇಂಟರ್ನಲ್‌ಗೆ 40, ಪರೀಕ್ಷೆಗೆ 60ರ ತೂಕ ಕೊಟ್ಟರೆ ಸಿಗುವುದು 0.8. ಗುರಿ 2 ಇತ್ತು.

ಇಂಟರ್ನಲ್‌ಗೂ ಪರೀಕ್ಷೆಗೂ ನಡುವಿನ ಈ ಅಂತರವೇ ಮಾತಾಡುತ್ತದೆ. ಇಂಟರ್ನಲ್ ಪತ್ರಿಕೆಯಲ್ಲಿ ತರಗತಿಯಲ್ಲಿ ಮಾಡಿದ ಲೆಕ್ಕವನ್ನೇ ಅಂಕಿ ಬದಲಿಸಿ ಕೇಳಿದ್ದಾರೆಯೇ ಎಂದು ಮೊದಲು ನೋಡಬೇಕು. ಇಲ್ಲೊಂದು ತೊಡಕೂ ಇದೆ: ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜಿಗೆ ಸಾಮಾನ್ಯವಾಗಿ ಪರೀಕ್ಷೆಯ ಒಟ್ಟು ಅಂಕ ಮಾತ್ರ ಸಿಗುತ್ತದೆ, ಪ್ರಶ್ನೆವಾರು ಅಂಕ ಸಿಗುವುದಿಲ್ಲ. ಹಾಗಾಗಿ ಎಲ್ಲ ಸಿಒಗಳಿಗೂ ಒಂದೇ ಮಟ್ಟ ಬಿದ್ದು, ಯಾವ ಪಾಠದಲ್ಲಿ ಹುಡುಗರು ಸೋತರು ಎಂಬುದು ಮುಚ್ಚಿಹೋಗುತ್ತದೆ. ಒಳ್ಳೆಯ ವಿಭಾಗ ಇಂಟರ್ನಲ್ ಪತ್ರಿಕೆಯ ಪ್ರತಿ ಪ್ರಶ್ನೆಗೂ ಸಿಒ ಸಂಖ್ಯೆ ಹಾಕಿ ಆ ಕೊರತೆ ತುಂಬಿಕೊಳ್ಳುತ್ತದೆ. ಕೆಟ್ಟ ವಿಭಾಗ ಸಿಒ-ಪಿಒ ಜೋಡಣೆಯ ಕೋಷ್ಟಕದ ಎಲ್ಲ ಚೌಕಕ್ಕೂ 3 ತುಂಬಿ, ಗುರಿಯನ್ನು ಕೆಳಗಿಟ್ಟು, ವರ್ಷವರ್ಷವೂ 'ಸಾಧಿಸಲಾಗಿದೆ' ಎಂದು ಬರೆಯುತ್ತದೆ. ಆಗ ಮಾನ್ಯತೆ ಬರೀ ಕಾಗದದ ಕೆಲಸ.

ಬಿಸಿನೆಸ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ವಿದೇಶಿ ಹೆಸರುಗಳಲ್ಲಿ ಎಎಸಿಎಸ್‌ಬಿ 1916ರ ಅಮೆರಿಕದ ಸಂಸ್ಥೆ. ಅದೂ ಯುರೋಪಿನ ಈಕ್ವಿಸ್‌ ಕೂಡ ಇಡೀ ಬಿಸಿನೆಸ್ ಸ್ಕೂಲನ್ನು ನೋಡುತ್ತವೆ. ಲಂಡನ್ನಿನ ಆಂಬಾ ಮುಖ್ಯವಾಗಿ ಎಂಬಿಎಯನ್ನು. ಕಲ್ಲಿಕೋಟೆಯ ಐಐಎಂಗೆ ಈಕ್ವಿಸ್, ಆಂಬಾ ಎರಡೂ ಇವೆ. ಹೊರದೇಶದಲ್ಲಿ ಮುಂದೆ ಓದುವವರಿಗೆ ಇವು ನೆರವಾಗುತ್ತವೆ. ಊರಲ್ಲೇ ಬ್ಯಾಂಕ್ ಕೆಲಸಕ್ಕೆ ಪರೀಕ್ಷೆ ಬರೆಯುವವರು ಇವುಗಳಿಗಾಗಿ ಹೆಚ್ಚಿನ ಶುಲ್ಕ ತೆರಬೇಕಿಲ್ಲ.

ಪುಸ್ತಿಕೆಯಲ್ಲಿ 'ಎಎಸಿಎಸ್‌ಬಿ ಸದಸ್ಯ' ಎಂದಿದ್ದರೆ ಅದು ಮಾನ್ಯತೆಯಲ್ಲ, ಬರೀ ಸದಸ್ಯತ್ವ. ಐಎಸ್‌ಒ 9001 ಸಂಸ್ಥೆಯ ನಿರ್ವಹಣಾ ವ್ಯವಸ್ಥೆಗೆ ಸಿಗುವ ಪ್ರಮಾಣಪತ್ರ, ಪಾಠದ ಗುಣಮಟ್ಟಕ್ಕೆ ಕೊಡುವ ಮಾನ್ಯತೆಯಲ್ಲ. ಒಂದು ದೇಶದ ಮಾನ್ಯತೆಯನ್ನು ಇನ್ನೊಂದು ದೇಶ ಒಪ್ಪುವ, 2014ರಲ್ಲಿ ಭಾರತ ಪೂರ್ಣ ಸದಸ್ಯನಾದ ವಾಷಿಂಗ್ಟನ್ ಒಪ್ಪಂದ ಎಂಜಿನಿಯರಿಂಗ್ ಪದವಿಗೆ ಮಾತ್ರ, ಎಂಬಿಎಗೆ ಅನ್ವಯಿಸುವುದಿಲ್ಲ. ಎನ್‌ಬಿಎ ಮಾನ್ಯತೆಗೆ ಅವಧಿಯೂ ಇರುತ್ತದೆ. ಅದರ ಜಾಲತಾಣದ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಜೊತೆ ಕೋರ್ಸಿನ ಹೆಸರನ್ನೂ, ಎಲ್ಲಿಯವರೆಗೆ ಎಂಬ ದಿನಾಂಕವನ್ನೂ ಓದಿ. ಆಮೇಲೆ ವಿಭಾಗಕ್ಕೆ ಹೋಗಿ, ಕಳೆದ ವರ್ಷ ಯಾವ ಸಿಒ ಗುರಿ ಮುಟ್ಟಲಿಲ್ಲ, ಅದಕ್ಕಾಗಿ ಈ ವರ್ಷ ಪಾಠದಲ್ಲಿ ಏನು ಬದಲಾಯಿಸಿದ್ದೀರಿ ಎಂದು ಕೇಳಿ.