ಆನೆಯದು ‘ದಾಳಿ’, ಬೇಲಿಯದು ‘ಸ್ಪರ್ಶ’

ಪ್ರಶ್ನೆ: ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆ ಆನೆಯಿಂದ ಜನ ಸತ್ತ ಸುದ್ದಿಗೆ ಒಂದು ಪತ್ರಿಕೆ ‘ಕಾಡಾನೆ ದಾಳಿ’ ಎನ್ನುತ್ತದೆ, ಇನ್ನೊಂದು ‘ಕಾಡಾನೆ ಹಾವಳಿ’, ಮತ್ತೊಂದು ‘ಆನೆ–ಮಾನವ ಸಂಘರ್ಷ’. ಹೆಸರು ಯಾವುದಾದರೇನು, ವಿಷಯ ಒಂದೇ ತಾನೆ?

ಉತ್ತರ: ಘಟನೆ ಒಂದೇ, ಓದಿದವರ ಮನಸ್ಸಿನಲ್ಲಿ ಉಳಿಯುವುದು ಬೇರೆ ಬೇರೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ತಲೆಬರಹಕ್ಕೆ ಜಾಗ ಸಾಲದಾಗ ಕತ್ತರಿ ಬೀಳುವುದೂ ಅದಕ್ಕೇ. ಯಾರು ಏನು ಮಾಡಿದರು ಎಂದು ಹೇಳಬೇಕಾದ ಪದವೇ ಹೋದಮೇಲೆ ಆ ಹೊರೆಯೆಲ್ಲ ನಾಮಪದದ ತಲೆಗೆ.

‘ದಾಳಿ’ ಎಂದರೆ ಉದ್ದೇಶ ಇಟ್ಟುಕೊಂಡು ಏರಿ ಬಂದದ್ದು. ಶತ್ರುಸೇನೆಗೂ ಐಟಿ ಅಧಿಕಾರಿಗಳಿಗೂ ಬಳಸುವ ಪದ. ಮುಂಜಾನೆಯ ಮಂಜಿನಲ್ಲಿ, ಕಾಫಿ ಗಿಡಗಳ ನಡುವೆ ಎದುರಾದ ಮನುಷ್ಯನನ್ನು ಕಂಡು ಬೆದರಿದ ಆನೆಗೂ ಅದೇ. ‘ಹಾವಳಿ’ಯಂತೂ ಅದನ್ನು ಇಲಿ, ಮಿಡತೆಗಳ ಸಾಲಿಗೆ ಸೇರಿಸುತ್ತದೆ. ‘ಸಂಘರ್ಷ’ ಕಡತದ ಭಾಷೆ. ಎರಡೂ ಕಡೆಗೆ ನ್ಯಾಯ ಮಾಡಿದಂತೆ ಕಾಣುತ್ತದೆ. ಆದರೆ ಗಂಡನನ್ನು ಕಳೆದುಕೊಂಡು ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಕೂತ ಹೆಂಗಸಿಗೆ ಆ ಪದ ಹೇಗೆ ಕೇಳಿಸಬೇಕು? ಆತ ಯಾರ ಜೊತೆಗೂ ಸಂಘರ್ಷಕ್ಕೆ ಇಳಿದಿರಲಿಲ್ಲ, ಕೂಲಿಗೆ ಹೊರಟಿದ್ದ.

ಸತ್ತದ್ದು ಆನೆಯಾದರೆ ಪದದ ಚಾಳಿಯೇ ಬದಲಾಗುತ್ತದೆ. ‘ವಿದ್ಯುತ್ ಸ್ಪರ್ಶ: ಕಾಡಾನೆ ಸಾವು’. ಸ್ಪರ್ಶಿಸಿದ್ದು ಯಾರು? ಆನೆ. ಅಂದಮೇಲೆ ತಪ್ಪೂ ಅದರದ್ದೇ ಎಂಬಂತೆ! ಕಂಬದ ಲೈನಿನಿಂದ ಕದ್ದು ಬೇಲಿಗೆ ಕರೆಂಟ್ ಹರಿಸಿದವನ ಸುಳಿವೇ ಇಲ್ಲ. (ಸರಿಯಾಗಿ ಹಾಕಿದ ಸೋಲಾರ್ ಬೇಲಿಯ ಮಾತು ಬೇರೆ. ಅದು ಬಿಟ್ಟು ಬಿಟ್ಟು ಶಾಕ್ ಕೊಟ್ಟು ಬೆದರಿಸುತ್ತದೆ, ಕೊಲ್ಲುವುದಕ್ಕಲ್ಲ.) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಗೆ ಕಾಡುಪ್ರಾಣಿಯನ್ನು ಕೊಲ್ಲುವುದೂ ಸೇರುತ್ತದೆ. ಕಾನೂನಿನ ಕಣ್ಣಿಗೆ ‘ಬೇಟೆ’ ಆಗಬಹುದಾದದ್ದು ಪತ್ರಿಕೆಗೆ ಬರುವಷ್ಟರಲ್ಲಿ ಮೃದುವಾದ ಸ್ಪರ್ಶವಾಗಿರುತ್ತದೆ. ‘ಅಕ್ರಮ ಬೇಲಿಗೆ ಕಾಡಾನೆ ಬಲಿ’ ಎಂದರೆ ಜಾಗವೇನೂ ಹೆಚ್ಚು ಬೇಡ.

ಹೆಸರಿಟ್ಟರೂ ಲೆಕ್ಕ ಬದಲಾಗುತ್ತದೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ ವೇಳೆ ದಸರಾ ಆನೆ ಅರ್ಜುನ ಸತ್ತ. ಎಂಟು ಬಾರಿ ಅಂಬಾರಿ ಹೊತ್ತವನಿಗಾಗಿ ನಾಡೇ ಅತ್ತಿತು. ಅವನೊಂದಿಗೆ ಕಾದಾಡಿದ್ದು ಮಾತ್ರ ಬರೀ ‘ಕಾಡಾನೆ’. ‘ಸತ್ತ’ ಎಂದು ಬರೆದೆನಲ್ಲ, ಗಮನಿಸಿದಿರಾ? ಹೆಸರಿಲ್ಲದಿದ್ದರೆ ‘ಸತ್ತಿತು’ ಎನ್ನುತ್ತಿದ್ದೆ. ಅರ್ಜುನನೂ ಒಂದು ಕಾಲಕ್ಕೆ ಕಾಕನಕೋಟೆಯ ಕಾಡಿನಿಂದ ಹಿಡಿದು ತಂದ ಕಾಡಾನೆಯೇ.

ಹಾಗಾದರೆ ಯಾವುದು ಸರಿ? ನನ್ನ ಮಟ್ಟಿಗೆ ‘ಆನೆ ತುಳಿದು ಕಾರ್ಮಿಕ ಸಾವು’. ಅರ್ಧ ಕ್ರಿಯಾಪದವಾದರೂ ಉಳಿಯುತ್ತದೆ, ನಡೆದದ್ದಷ್ಟನ್ನೇ ಹೇಳುತ್ತದೆ. ‘ಸಂಘರ್ಷ’ ಬೇಕೇ ಬೇಕೆನ್ನುವವರು ಅದನ್ನು ಒಳಪುಟದ ವಿಶ್ಲೇಷಣೆಗೆ ಇಟ್ಟುಕೊಳ್ಳಲಿ; ಕಾಡು ತುಂಡಾದದ್ದು, ಆನೆದಾರಿಗೆ ತೋಟ, ಕಾಲುವೆ, ರೈಲುಹಳಿ ಅಡ್ಡ ಬಂದದ್ದನ್ನೆಲ್ಲ ವಿವರಿಸಲು ಅಲ್ಲಿ ಜಾಗವಿದೆ.