ಫೋಲ್ಡರ್ ತೆರೆಯದಿದ್ದಾಗ ಮೊದಲು ನೋಡಬೇಕಾದದ್ದು ಹೆಸರು

ಹುಬ್ಬಳ್ಳಿಯ ಒಂದು ಲೆಕ್ಕಪರಿಶೋಧಕರ ಕಚೇರಿಯಿಂದ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ತೆರಿಗೆ ಆಡಿಟ್ ವರದಿಗಳ ಗಡುವು ಹತ್ತಿರ ಬಂದಿದ್ದಾಗ, ನನಗೆ ಕರೆ ಬಂತು. “ಸರ್, ಹೊಸದಾಗಿ ಬಂದ ಹುಡುಗಂಗ ಕ್ಲೈಂಟ್ ಫೋಲ್ಡರ್ ಓಪನ್ ಆಗವಲ್ದ್ರೀ. ಆಕ್ಸೆಸ್ ಡಿನೈಡ್ ಅಂತ ಬರ್ತೈತಿ. ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟು ನೋಡಿದ್ವಿ, ಆದ್ರೂ ಆಗವಲ್ದು.” ಇಂಥ ಕರೆಗಳಲ್ಲಿ ಈ ಕೊನೆಯ ಮಾತು ಎಷ್ಟು ಸಲ ಬರುತ್ತದೆಯೆಂದರೆ, ಅದನ್ನೇ ಹಿಡಿದು ಇಡೀ ವಿಷಯವನ್ನು ಬಿಡಿಸಿ ಹೇಳಬೇಕೆನ್ನಿಸಿದೆ. ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟ ಮೇಲೂ ಒಬ್ಬನಿಗೆ ಬಾಗಿಲು ತೆರೆಯುತ್ತಿಲ್ಲವೆಂದರೆ, ಅಲ್ಲಿ ಕೊರತೆಯಾಗಿರುವುದು ಅನುಮತಿಯಲ್ಲ.

ನಾನು ಹೋದವನೇ ಆ ಹುಡುಗನ ಕಂಪ್ಯೂಟರ್ ಮುಂದೆ ಕೂರದೆ, ಫೋಲ್ಡರ್ ಇರುವ ಸರ್ವರ್ ಮುಂದೆ ಕುಳಿತೆ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಸೆಷನ್ಸ್ ಎಂಬ ಪಟ್ಟಿ ಇದೆ. ಈ ಕ್ಷಣದಲ್ಲಿ ಯಾವ ಕಂಪ್ಯೂಟರಿನಿಂದ ಯಾರ ಹೆಸರಿನಲ್ಲಿ ಸರ್ವರ್‌ಗೆ ಸಂಪರ್ಕವಿದೆ ಎಂಬುದು ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಹುಡುಗನ ಕಂಪ್ಯೂಟರಿನ ಎದುರಿಗೆ ಯೂಸರ್ ಅಂಕಣದಲ್ಲಿ ಇದ್ದದ್ದು ಅವನ ಹೆಸರಲ್ಲ, ಜುಲೈನಲ್ಲಿ ಕೆಲಸ ಬಿಟ್ಟುಹೋದ ಆರ್ಟಿಕಲ್ ಸಹಾಯಕನ (ಸಿಎ ತರಬೇತಿಯಲ್ಲಿದ್ದವನ) ಹೆಸರು. ಅವನು ಬಳಸುತ್ತಿದ್ದ ಕಂಪ್ಯೂಟರನ್ನು, ವಿಂಡೋಸ್ ಲಾಗಿನ್ ಕೂಡ ಬದಲಿಸದೆ, ಹಾಗೆಯೇ ಇವನಿಗೆ ಕೊಟ್ಟಿದ್ದರು. ಅವನ ಪಾಸ್‌ವರ್ಡ್ ಆ ಕಂಪ್ಯೂಟರಿನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ, ಎಂದರೆ ವಿಂಡೋಸ್ ಹೆಸರು-ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಜಾಗದಲ್ಲಿ, ಉಳಿದುಕೊಂಡಿತ್ತು. ಫೋಲ್ಡರ್ ತೆರೆಯಲು ಹೋದಾಗಲೆಲ್ಲ ವಿಂಡೋಸ್ ಯಾರನ್ನೂ ಕೇಳದೆ ಅದನ್ನೇ ಕಳಿಸುತ್ತಿತ್ತು. ಆತ ಕೆಲಸ ಬಿಟ್ಟಾಗ ಅವನ ಖಾತೆಯನ್ನು ಡಿಸೇಬಲ್ ಮಾಡುವ ಬದಲು, ಯಾರೋ ಫೋಲ್ಡರಿನ ಸೆಕ್ಯುರಿಟಿ ಪಟ್ಟಿಯಲ್ಲಿ ಅವನ ಹೆಸರಿಗೆ ಡಿನೈ ಗುರುತು ಹಾಕಿಟ್ಟಿದ್ದರು. ಒಂದೇ ಫೋಲ್ಡರಿನ ಮೇಲೆ ನೇರವಾಗಿ ಬರೆದ ಅಲೌ ಮತ್ತು ಡಿನೈ ಎದುರಾದರೆ ಗೆಲ್ಲುವುದು ಡಿನೈ. ಹಾಗಾಗಿ ಎವ್ರಿವನ್‌ಗೆ ಕೊಟ್ಟ ಫುಲ್ ಕಂಟ್ರೋಲ್ ಅವನ ಹೆಸರಿಗೆ ತಾಗಲೇ ಇಲ್ಲ. ಬದಲಿಗೆ, ಅಲ್ಲಿಯವರೆಗೆ ಆಡಿಟ್ ತಂಡಕ್ಕಷ್ಟೇ ತೆರೆಯುತ್ತಿದ್ದ ಕ್ಲೈಂಟ್‌ಗಳ ಪ್ಯಾನ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಅಂದು ಬೆಳಗಿನಿಂದ ಸ್ವಾಗತ ಮೇಜಿನ ಕಂಪ್ಯೂಟರಿನಿಂದಲೂ ಅಳಿಸಬಹುದಾಗಿತ್ತು.

ಕ್ರೆಡೆನ್ಶಿಯಲ್ ಮ್ಯಾನೇಜರ್‌ನಿಂದ ಹಳೆಯ ನಮೂದನ್ನು ತೆಗೆದು, ಲಾಗ್ ಆಫ್ ಆಗಿ ಮತ್ತೆ ಬಂದು, ಹುಡುಗನದೇ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟೊಡನೆ ಫೋಲ್ಡರ್ ತೆರೆಯಿತು. ಲಾಗ್ ಆಫ್ ಆಗದೆ ಅಲ್ಲೇ ಹೊಸ ಹೆಸರು ಕೊಡಲು ಹೋದರೆ, ಒಂದೇ ಸರ್ವರ್‌ಗೆ ಎರಡು ಹೆಸರುಗಳಲ್ಲಿ ಸಂಪರ್ಕ ಸಾಧ್ಯವಿಲ್ಲ ಎಂಬ 1219ನೇ ದೋಷಸಂದೇಶ ಬರುವುದುಂಟು. ಹಳೆಯ ಸಂಪರ್ಕ ಇನ್ನೂ ಕಡಿದಿಲ್ಲ ಎಂಬುದಷ್ಟೇ ಅದರ ಅರ್ಥ.

ಆದ್ದರಿಂದ ಅನುಮತಿಯ ಪಟ್ಟಿಯನ್ನು ಮುಟ್ಟುವ ಮೊದಲು ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿರಿ ಎಂದು ಕೇಳಿಕೊಳ್ಳುತ್ತೇನೆ. ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂದಿದ್ದರೆ ನೀವು ಸರ್ವರ್‌ವರೆಗೆ ತಲುಪಿಯೇ ಇಲ್ಲ. ಕೇಬಲ್, ಸರ್ವರಿನ ಹೆಸರು, ಫೋಲ್ಡರ್ ಹಂಚಿಕೆಯ ದಾರಿಯಾದ 445ನೇ ಪೋರ್ಟ್ ತಡೆಯುವ ಫೈರ್‌ವಾಲ್, ಅಥವಾ ನೆಟ್‌ವರ್ಕ್ ಪ್ರೊಫೈಲ್ ಪ್ರೈವೇಟ್ ಬದಲು ಪಬ್ಲಿಕ್ ಆಗಿರುವುದು ಇದಕ್ಕೆ ಕಾರಣವಾಗಿರುತ್ತದೆ. ಹೆಸರು, ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತಿದ್ದರೆ ಸರ್ವರ್‌ಗೆ ನಿಮ್ಮ ಗುರುತು ಸಿಕ್ಕಿಲ್ಲ. ಡೊಮೇನ್ (ಎಲ್ಲರ ಖಾತೆಗಳನ್ನು ಒಂದೇ ಕಡೆ ನಿರ್ವಹಿಸುವ ವ್ಯವಸ್ಥೆ) ಇಲ್ಲದ ಸಣ್ಣ ಕಚೇರಿಗಳಲ್ಲಿ ಸರ್ವರ್ ಕಂಪ್ಯೂಟರಿನಲ್ಲೇ ನಿಮ್ಮ ಹೆಸರಿನ ಖಾತೆ ಇರಬೇಕು, ಅದಕ್ಕೆ ಪಾಸ್‌ವರ್ಡ್ ಇರಲೇಬೇಕು; ಪಾಸ್‌ವರ್ಡ್ ಖಾಲಿ ಬಿಟ್ಟ ಖಾತೆಯನ್ನು ವಿಂಡೋಸ್ ಸಾಮಾನ್ಯವಾಗಿ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ, ಮತ್ತು ದಿನವೂ ಒತ್ತುವ ನಾಲ್ಕಂಕಿಯ ಪಿನ್ ಆ ಕಂಪ್ಯೂಟರಿಗಷ್ಟೇ ಸೀಮಿತ. ಆಕ್ಸೆಸ್ ಡಿನೈಡ್ ಎಂದು ಬಂದರೆ ಮಾತ್ರ ಸರ್ವರ್ ಒಂದು ಹೆಸರನ್ನು ಗುರುತಿಸಿದೆ, ಆದರೆ ಆ ಹೆಸರಿಗೆ ಅಧಿಕಾರವಿಲ್ಲ ಎನ್ನುತ್ತಿದೆ. ಆ ಹೆಸರು ನಿಮ್ಮದೇ ಹೌದೋ ಎಂದು ನೋಡಿದ ಮೇಲೆಯೇ ಅನುಮತಿಗಳ ಪ್ರಶ್ನೆ ಏಳುತ್ತದೆ.

ಅನುಮತಿಗಳು ಎರಡು ಹಂತದಲ್ಲಿವೆ ಎಂಬುದನ್ನು ಅನೇಕರು ಕೇಳಿರುತ್ತಾರೆ, ಆದರೆ ಅವು ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬಲ್ಲಿ ಎಡವುತ್ತಾರೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಎಂಬಲ್ಲಿ ಇರುವುದು ರೀಡ್, ಚೇಂಜ್, ಫುಲ್ ಕಂಟ್ರೋಲ್ ಎಂಬ ಮೂರೇ ಅಧಿಕಾರಗಳು. ಇವು ನೆಟ್‌ವರ್ಕ್ ಮೂಲಕ ಬಂದವರಿಗೆ ಮಾತ್ರ ಅನ್ವಯಿಸುತ್ತವೆ. ಸೆಕ್ಯುರಿಟಿ ಎಂಬಲ್ಲಿ ಇರುವುದು ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಕಡತಗಳನ್ನಿಡುವ ವಿಧಾನ) ಡ್ರೈವಿನ ಅನುಮತಿಗಳು. ಇವು ನೆಟ್‌ವರ್ಕ್‌ನಿಂದ ಬಂದವರಿಗೂ ಸರ್ವರ್ ಮುಂದೆಯೇ ಕುಳಿತವರಿಗೂ ಒಂದೇ. ಒಬ್ಬ ವ್ಯಕ್ತಿ ಹಲವು ಗ್ರೂಪ್‌ಗಳಲ್ಲಿದ್ದರೆ ಒಂದು ಹಂತದೊಳಗೆ ಅವನಿಗೆ ಸಿಕ್ಕ ಅನುಮತಿಗಳೆಲ್ಲ ಕೂಡುತ್ತವೆ. ಆದರೆ ಎರಡು ಹಂತಗಳ ನಡುವೆ ಯಾವುದು ಬಿಗಿಯೋ ಅದೇ ನಿಲ್ಲುತ್ತದೆ. ಸೆಕ್ಯುರಿಟಿಯಲ್ಲಿ ಮಾಡಿಫೈ (ಓದುವ, ಬರೆಯುವ, ಅಳಿಸುವ ಅಧಿಕಾರ) ಕೊಟ್ಟಿದ್ದರೂ ಶೇರಿಂಗ್‌ನಲ್ಲಿ ರೀಡ್ ಮಾತ್ರ ಇದ್ದರೆ, ನೆಟ್‌ವರ್ಕ್‌ನಿಂದ ಬಂದವನು ಓದಬಹುದೇ ಹೊರತು ಬರೆಯುವಂತಿಲ್ಲ. ಸರ್ವರ್‌ನಲ್ಲಿ ತೆರೆದರೆ ಉಳಿಸಲು ಬರುತ್ತದೆ, ನನ್ನ ಕಂಪ್ಯೂಟರಿನಿಂದ ಬರುವುದಿಲ್ಲ ಎಂಬ ದೂರು ಬಂದರೆ, ಮತ್ತು ಎರಡೂ ಕಡೆ ಲಾಗಿನ್ ಒಂದೇ ಆಗಿದ್ದರೆ, ನಾನು ನೇರ ಶೇರಿಂಗ್ ಪಟ್ಟಿಗೆ ಹೋಗುತ್ತೇನೆ. ಶೇರಿಂಗ್‌ನಲ್ಲಿ ಬೇಕಾದ ಗ್ರೂಪ್‌ಗಳಿಗೆ ಚೇಂಜ್ ಕೊಟ್ಟು, ಸೂಕ್ಷ್ಮ ವ್ಯತ್ಯಾಸಗಳನ್ನೆಲ್ಲ ಸೆಕ್ಯುರಿಟಿಯಲ್ಲಿಯೇ ನಿಭಾಯಿಸುವುದು ನನ್ನ ರೂಢಿ. ನಿಯಂತ್ರಣ ಒಂದೇ ಕಡೆ ಇದ್ದರೆ ಮುಂದೆ ಬರುವವರಿಗೆ ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಅಡ್ವಾನ್ಸ್ಡ್ ಗುಂಡಿಯ ಹಿಂದಿರುವ ಎಫೆಕ್ಟಿವ್ ಆಕ್ಸೆಸ್‌ನಲ್ಲಿ ಹೆಸರು ಕೊಟ್ಟರೆ, ಸೆಕ್ಯುರಿಟಿ ಹಂತದಲ್ಲಿ ಆ ವ್ಯಕ್ತಿಗೆ ಒಟ್ಟು ಏನು ದಕ್ಕುತ್ತದೆ ಎಂಬುದು ಕಾಣುತ್ತದೆ.

ಇದೇ ಕಚೇರಿಯಲ್ಲಿ ಎರಡನೆಯ ದೂರೂ ಒಂದಿತ್ತು. ಸಹಾಯಕರು ಎಕ್ಸೆಲ್ ಕಡತವನ್ನು ತೆರೆಯುತ್ತಾರೆ, ತಿದ್ದುತ್ತಾರೆ, ಆದರೆ ಸೇವ್ ಮಾಡುವಾಗ ಅದು ನಿರಾಕರಿಸುತ್ತದೆ. ಫೋಲ್ಡರ್ ತುಂಬ ಹೆಸರಿನಲ್ಲಿ ಎಂಟು ಅಂಕಿ-ಅಕ್ಷರಗಳಷ್ಟೇ ಇರುವ, ಎಕ್ಸ್‌ಟೆನ್ಷನ್ ಇಲ್ಲದ ವಿಚಿತ್ರ ಕಡತಗಳು ಬಿದ್ದಿರುತ್ತವೆ. ವೈರಸ್ ಇರಬೇಕೆಂದು ಅವರು ಹೆದರಿದ್ದರು. ಸಹಾಯಕರು ಏನನ್ನೂ ಅಳಿಸಬಾರದೆಂಬ ಎಚ್ಚರದಿಂದ ಅವರಿಗೆ ರೀಡ್ ಮತ್ತು ರೈಟ್ ಮಾತ್ರ ಕೊಟ್ಟಿದ್ದರು. ರೈಟ್ ಎಂಬುದರೊಳಗೆ ಅಳಿಸುವ ಅಧಿಕಾರ ಸೇರಿಲ್ಲ. ಎಕ್ಸೆಲ್ ಹಳೆಯ ಕಡತದ ಮೇಲೆಯೇ ಬರೆಯುವುದಿಲ್ಲ. ಮೊದಲು ಪಕ್ಕದಲ್ಲಿ ಒಂದು ತಾತ್ಕಾಲಿಕ ಕಡತ ಸೃಷ್ಟಿಸಿ, ಹಳೆಯದನ್ನು ತೆಗೆದು, ತಾತ್ಕಾಲಿಕದ್ದಕ್ಕೆ ಹಳೆಯ ಹೆಸರು ಇಡುತ್ತದೆ. ಅಳಿಸುವ ಅಧಿಕಾರವಿಲ್ಲದಾಗ ಈ ಕೆಲಸ ನಡುವಿನಲ್ಲೇ ನಿಂತು, ತಾತ್ಕಾಲಿಕ ಕಡತಗಳು ಅಲ್ಲೇ ಉಳಿದುಬಿಡುತ್ತವೆ. ಸಹಾಯಕರ ಗ್ರೂಪ್‌ಗೆ ಮಾಡಿಫೈ ಕೊಟ್ಟು, ಅಳಿಸಬಾರದ ಅಂತಿಮ ವರದಿಗಳನ್ನು ಅವರಿಗೆ ರೀಡ್ ಮಾತ್ರ ಇರುವ ಬೇರೆ ಫೋಲ್ಡರಿನಲ್ಲಿಡುವುದೇ ಇದಕ್ಕೆ ಸರಿಯಾದ ಉತ್ತರ.

ಹಾಗೆ ಬೇರೆ ಫೋಲ್ಡರಿಗೆ ಒಯ್ಯುವಾಗಲೂ ಒಂದು ವಿಷಯ ನೆನಪಿರಬೇಕು. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದ ಕಡತ ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದ್ದಾದರೆ ಹೊಸ ಫೋಲ್ಡರಿನ ಅನುಮತಿಗಳನ್ನು ಪಡೆಯುತ್ತದೆ. ಪಾಲುದಾರರು ತಮ್ಮ ಖಾಸಗಿ ಫೋಲ್ಡರಿನಿಂದ ಒಂದು ಕಡತವನ್ನು ಎಲ್ಲರ ಫೋಲ್ಡರಿಗೆ ಎಳೆದು ಹಾಕಿದಾಗ, ಸುತ್ತಲಿನ ಕಡತಗಳೆಲ್ಲ ತೆರೆದು ಅದೊಂದೇ ತೆರೆಯದಿರುವುದು ಇದರಿಂದ. ಇನ್ನೊಂದು, ಯಾರನ್ನಾದರೂ ಹೊಸ ಗ್ರೂಪ್‌ಗೆ ಸೇರಿಸಿದ ಮೇಲೆ ಅವರು ಒಮ್ಮೆ ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆಗಬೇಕು. ಯಾವ ಗ್ರೂಪ್‌ಗಳಲ್ಲಿದ್ದಾರೆ ಎಂಬ ಲೆಕ್ಕ ಲಾಗಿನ್ ಸಮಯದ್ದೇ ಹೊರತು ಆಮೇಲಿನದಲ್ಲ. ಐದು ನಿಮಿಷದ ಈ ಕೆಲಸ ಮಾಡದೆ ಅರ್ಧ ದಿನ ಪಟ್ಟಿಗಳನ್ನು ಕೆದಕಿದವರನ್ನು ನಾನು ಕಂಡಿದ್ದೇನೆ.

ಎವ್ರಿವನ್ ಫುಲ್ ಕಂಟ್ರೋಲ್ ಬಗ್ಗೆ ನಾನು ಇಷ್ಟು ಕಟುವಾಗಿರುವುದಕ್ಕೆ ಕಾರಣವಿದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಒಂದು ಕಂಪ್ಯೂಟರಿಗೆ ಹೊಕ್ಕರೆ, ಅಲ್ಲಿ ಲಾಗಿನ್ ಆಗಿರುವ ವ್ಯಕ್ತಿಗೆ ಬರೆಯುವ ಅಧಿಕಾರವಿರುವ ಪ್ರತಿಯೊಂದು ಶೇರ್ಡ್ ಫೋಲ್ಡರನ್ನೂ ಅದು ಕೆಡಿಸಬಲ್ಲದು. ಸ್ವಾಗತ ಮೇಜಿನ ಕಂಪ್ಯೂಟರಿಗೆ ಆಡಿಟ್ ಫೋಲ್ಡರಿನಲ್ಲಿ ಬರೆಯುವ ಅಧಿಕಾರವಿಲ್ಲದಿದ್ದರೆ ಹಾನಿ ಬಹುಮಟ್ಟಿಗೆ ಆ ಮೇಜಿನಲ್ಲೇ ನಿಲ್ಲುತ್ತದೆ. ಹಳೆಯ ಸ್ಕ್ಯಾನರ್ ಕೆಲಸ ಮಾಡಲೆಂದು ಎಸ್‌ಎಂಬಿ 1 ಎಂಬ, ಫೋಲ್ಡರ್ ಹಂಚಿಕೆಯ ಹಳೆಯ ಪ್ರೋಟೋಕಾಲ್ ಅನ್ನು ಮತ್ತೆ ಚಾಲೂ ಮಾಡುವುದೂ ಇಂಥದೇ ತಪ್ಪು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಅದರಲ್ಲಿದ್ದ ದೋಷದ ಮೂಲಕವೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾರಿತು.

ಆ ಸಂಜೆ ಹೊರಡುವ ಮೊದಲು ಎರಡೂ ಪಟ್ಟಿಗಳಿಂದ ಎವ್ರಿವನ್ ತೆಗೆದು, ಪಾಲುದಾರರು, ಆಡಿಟ್, ಕಚೇರಿ ಎಂಬ ಮೂರು ಗ್ರೂಪ್‌ಗಳನ್ನು ಮಾಡಿ, ಕೆಲಸ ಬಿಟ್ಟವನ ಖಾತೆಯನ್ನು ಡಿಸೇಬಲ್ ಮಾಡಿ, ಅವನ ಡಿನೈ ಗುರುತನ್ನೂ ಅಳಿಸಿದೆ. ಯಾವ ಫೋಲ್ಡರ್ ಯಾವ ಗ್ರೂಪ್‌ಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಹಿರಿಯ ಪಾಲುದಾರರ ಕೈಗೆ ಕೊಟ್ಟೆ. ಹೊಸ ಹುಡುಗನ ಹೆಸರನ್ನು ಆಡಿಟ್ ಎಂಬುದರ ಕೆಳಗೆ ಅವರೇ ಪೆನ್ನಿನಲ್ಲಿ ಸೇರಿಸಿದರು.